ಮಗುವಿನ ಮತ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಕ್ಕಳಿಗೆ ಸನ್ನಡತೆಯನ್ನು ಕಲಿಸಬಯಸುವ ಹಿರಿಯರು ಇದನ್ನು ಹೇಳುತ್ತಾರೆ. ತಮ್ಮ ಮತವೊಂದೇ ಸತ್ಯ, ಅದನ್ನು ಪ್ರಶ್ನಿಸುವುದೇ ಪಾಪ ಎನ್ನುವವರೂ ಇದನ್ನೇ ನಂಬಿ ಎಳೆಯರ ಬಳಿಗೆ ಬರುತ್ತಾರೆ. ಕಲಿಸುವುದಕ್ಕೂ ಬಗ್ಗಿಸುವುದಕ್ಕೂ ಇರುವ ಅಂತರವನ್ನು ಅಮೆರಿಕದ ಎರಡು ಮೊಕದ್ದಮೆಗಳ ಮೂಲಕ ವಿವರಿಸಲು ಯತ್ನಿಸುತ್ತೇನೆ.

ಮೂಲಭೂತವಾದವೆಂಬ ಮಾತಿನ ಮೂಲವಿರುವುದು ಆ ದೇಶದಲ್ಲಿಯೇ. 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳ ಮಾಲೆ ಅಲ್ಲಿ ಹೊರಬಂದಿತು. ಬೈಬಲ್ಲಿನಲ್ಲಿ ತಪ್ಪಿಗೆ ಎಡೆಯೇ ಇಲ್ಲವೆಂಬುದು ಅದರ ಮುಖ್ಯ ವಾದಗಳಲ್ಲೊಂದು. ಹಿರಿಯರು ಹಾಗೆ ನಂಬುವುದು ಅವರ ಸ್ವಾತಂತ್ರ್ಯ. ಆದರೆ ಈ ನಂಬಿಕೆ ಬಹುಬೇಗ ಶಾಲೆಯ ಬಾಗಿಲಿಗೆ ಬಂದಿತು. ಮನುಷ್ಯನು ಕೆಳಗಿನ ಪ್ರಾಣಿವರ್ಗದಿಂದ ವಿಕಾಸಗೊಂಡನೆಂದು ಸರ್ಕಾರಿ ಶಾಲೆಗಳಲ್ಲಿ ಬೋಧಿಸುವುದನ್ನು 1925ರಲ್ಲಿ ಟೆನೆಸಿ ಸಂಸ್ಥಾನವು ನಿಷೇಧಿಸಿತು. ಡೇಟನ್ ಊರಿನ ಉಪಾಧ್ಯಾಯ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ವಿಧಿಸಲಾಯಿತು. ಮೇಲಿನ ನ್ಯಾಯಾಲಯವು 1927ರಲ್ಲಿ ತಾಂತ್ರಿಕ ಕಾರಣದಿಂದ ಈ ತೀರ್ಪನ್ನು ತಳ್ಳಿಹಾಕಿತು. ಶಾಸನ ಮಾತ್ರ 1967ರವರೆಗೂ ಉಳಿಯಿತು. ದಂಡ ಬಿದ್ದುದು ಉಪಾಧ್ಯಾಯನಿಗೆ, ನಷ್ಟವಾದುದು ಮಕ್ಕಳಿಗೆ.

ಎರಡನೆಯ ಮೊಕದ್ದಮೆ ಇನ್ನೂ ಸೂಕ್ಷ್ಮವಾದುದು. ಆಮಿಷ್ ಜನರು ಶಾಂತಜೀವಿಗಳು, ಅವರನ್ನು ಮತಾಂಧರೆನ್ನಲಾಗದು. ಆದರೆ ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳುಹಿಸುವುದು ತಮ್ಮ ಧರ್ಮಕ್ಕೆ ವಿರುದ್ಧವೆಂದು ಅವರು ನಂಬುತ್ತಾರೆ. ವಿಸ್ಕಾನ್ಸಿನ್ ಸಂಸ್ಥಾನದ ಕಾನೂನು 16 ವರ್ಷದವರೆಗೆ ಶಾಲೆಯನ್ನು ಕಡ್ಡಾಯ ಮಾಡಿತ್ತು. 1972ರಲ್ಲಿ ಸುಪ್ರೀಂ ಕೋರ್ಟು ತಂದೆಯರ ಪರವಾಗಿ ತೀರ್ಪಿತ್ತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಬ್ಬರು ಮಾತ್ರ ಭಾಗಶಃ ಭಿನ್ನಮತ ತಳೆದು, ಮಗುವಿನ ಇಷ್ಟವನ್ನೂ ಕೇಳಬೇಕೆಂದರು. ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದಿದ್ದ ಮಗು ಒಬ್ಬಳೇ ಹುಡುಗಿ.

ಇದನ್ನು ಓದಿದಾಗ ನನಗೆ ನನ್ನ ಮನೆ ನೆನಪಾಯಿತು. ನಮ್ಮಲ್ಲಿ ಎಂಟನೆಯ ತರಗತಿಯನ್ನು ದಾಟಿದವನು ನಾನೇ ಮೊದಲಿಗ. ಶಾಲೆ ಬಿಡಿಸುವ ಮಾತು ಬಂದಿದ್ದುಂಟು. ಕಾರಣ ಮತವಲ್ಲ, ಬಡತನ. ಅಂದು ರಾತ್ರಿ ತಂದೆಯವರು, “ನೀನೇನಂತೀಯಪ್ಪ?” ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ನಾನಿಂದು ನಿಮ್ಮ ನಡುವೆ ಇದ್ದೇನೆ.

ನಮ್ಮ ಸಂವಿಧಾನದ 28ನೆಯ ವಿಧಿಯಂತೆ, ಸಂಪೂರ್ಣ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆ ಸಲ್ಲದು. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಅದು ಕಡ್ಡಾಯವಾಗಬಾರದು. ಆದರೆ ಚಿಕ್ಕವರ ಪರವಾಗಿ ಒಪ್ಪಿಗೆ ಕೊಡುವವರು ಪೋಷಕರೇ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆಲೋಚನೆ, ಅಂತಃಸಾಕ್ಷಿ, ಮತ ಇವುಗಳ ಸ್ವಾತಂತ್ರ್ಯ ಮಗುವಿಗೂ ಉಂಟು. ಹೆತ್ತವರು ಅದರ ಬೆಳವಣಿಗೆಗೆ ತಕ್ಕಂತೆ ದಾರಿ ತೋರಬೇಕು ಎಂದು ಅದರ 14ನೆಯ ವಿಧಿ ಹೇಳುತ್ತದೆ. ಭಾರತವು 1992ರಲ್ಲಿ ಇದನ್ನು ಅಂಗೀಕರಿಸಿತು.

ದಾರಿ ತೋರುವುದು ಬೇರೆ, ಉಳಿದ ದಾರಿಗಳನ್ನೆಲ್ಲ ಮುಚ್ಚುವುದು ಬೇರೆ. ಮನೆಯ ದೇವರಿಗೆ ಕೈಮುಗಿಯಲು ಕಲಿಸಿದರೆ ಮಗುವಿಗೆ ಕೇಡಿಲ್ಲ. ಅದು ‘ಏಕೆ?’ ಎಂದಾಗ ಉತ್ತರ ದೊರೆತರೆ ಅದು ಶಿಕ್ಷಣ. ನರಕದ ಬೆದರಿಕೆ ದೊರೆತರೆ ಅದು ಸೆರೆ. ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು, ಎಲ್ಲರೂ ಒಂದು ದಿನ ಹಿರಿಯರಾಗುವವರು. ಆ ‘ಏಕೆ’ ನಮ್ಮನ್ನೂ ಕೇಳಲಿದೆ.