ಎಳೆಸಿಕೊಂಡು ಬಂದ ಹಡಗು: ಚೀನಾ ನೌಕಾಪಡೆ ಬೆಳೆದ ಬಗೆ

ಕಾರವಾರಕ್ಕೆ ಟ್ರಿಪ್ ಹೋದವರು ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಾಪೆಲ್ ನೋಡಿಯೇ ಇರುತ್ತೀರಿ. ನಾವೂ ಹೋಗಿದ್ವಿ. ಒಳಗೆ ಹತ್ತಿ ಇಳಿದ ಮೇಲೆ ನಮ್ಮಲ್ಲೊಬ್ಬ, "ಯುದ್ಧನೌಕೆ ಅಂದ್ರೆ ಇಷ್ಟೇನಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಉದ್ದ 40 ಮೀಟರ್‌ಗೂ ಕಡಿಮೆ. ಮೇಲೆ ನಾಲ್ಕು ಕ್ಷಿಪಣಿ ಡಬ್ಬಿಗಳು. ಇದು ಸೋವಿಯತ್ ಒಕ್ಕೂಟ ಕಟ್ಟಿದ 'ಓಸಾ' ಜಾತಿಯ ಕ್ಷಿಪಣಿ ದೋಣಿ. ದಡದ ಹತ್ತಿರವೇ ಇದ್ದು, ಶತ್ರು ಹಡಗು ಬಂದರೆ ನುಗ್ಗಿ ಹೊಡೆದು ವಾಪಸ್ ಓಡಿ ಬರೋದು ಇದರ ಕೆಲಸ.

ಇದನ್ನ ಯಾಕೆ ಹೇಳಿದ್ವಿ ಅಂದ್ರೆ, ನಾವ್ಯಾರೂ ಹುಟ್ಟುವ ಮೊದಲು, ಅಂದರೆ 1980ರ ಹೊತ್ತಿಗೆ, ಚೀನಾ ನೌಕಾಪಡೆಯ ಬಹುಪಾಲು ಇದೇ ಥರದ ದೋಣಿಗಳೇ. ಓಸಾದ ಮೊದಲ ಮಾದರಿಯನ್ನು ಕಾಪಿ ಹೊಡೆದು ರಾಶಿಗಟ್ಟಲೆ ಕಟ್ಟಿಕೊಂಡಿದ್ದರು. ಅದೇ ನೌಕಾಪಡೆಯಲ್ಲಿ ಇವತ್ತು ಅಮೆರಿಕದ ರಕ್ಷಣಾ ಇಲಾಖೆಯ ವರದಿಗಳ ಪ್ರಕಾರ 370ಕ್ಕೂ ಹೆಚ್ಚು ಹಡಗು ಮತ್ತು ಜಲಾಂತರ್ಗಾಮಿಗಳಿವೆ. ಎಣಿಕೆಯಲ್ಲಿ ಪ್ರಪಂಚಕ್ಕೇ ದೊಡ್ಡದು. ಅಮೆರಿಕದ್ದು 300ರ ಆಸುಪಾಸು.

ಹಾಸ್ಟೆಲ್‌ನಲ್ಲಿ ಈ ಮಾತು ಬಂದಾಗಲೆಲ್ಲ ಎರಡು ಪಾರ್ಟಿ ಆಗುತ್ತೆ. ಒಂದು ಪಾರ್ಟಿ "ಮುಗೀತು, ಸಮುದ್ರ ಇನ್ನು ಚೀನಾದ್ದೇ" ಅನ್ನುತ್ತೆ. ಇನ್ನೊಂದು "ಚೈನಾ ಮಾಲ್, ಬಿಡೋ" ಅನ್ನುತ್ತೆ. ಎರಡೂ ಸರಿಯಲ್ಲ. ಎಣಿಕೆಯಿಂದ ಹೆಚ್ಚೇನೂ ತಿಳಿಯೋದಿಲ್ಲ. ಒಂದು ಕ್ಷಿಪಣಿ ದೋಣಿಯೂ ಒಂದು ಹಡಗೇ, ಲಕ್ಷ ಟನ್ನಿನ ವಿಮಾನವಾಹಕ ನೌಕೆಯೂ ಒಂದು ಹಡಗೇ. ಒಟ್ಟು ಟನ್ ಲೆಕ್ಕ ಹಾಕಿದರೆ ಅಮೆರಿಕ ಇನ್ನೂ ಮುಂದಿದೆ. ಅವರ ಹತ್ತಿರ 11 ದೊಡ್ಡ ವಿಮಾನವಾಹಕಗಳಿವೆ, ಚೀನಾ ಹತ್ತಿರ ಮೂರು. ನಮಗೆ ಕುತೂಹಲ ಇದ್ದದ್ದು ಬೇರೆ ಕಡೆ: ಓಸಾ ಕಾಪಿ ಹೊಡೆಯುತ್ತಿದ್ದವರು ನಲವತ್ತು ವರ್ಷದಲ್ಲಿ ಇಲ್ಲಿಗೆ ಬಂದದ್ದು ಹೇಗೆ?

ಚೀನಾದ ನೌಕಾಪಡೆ ಹುಟ್ಟಿದ್ದು 1949ರ ಏಪ್ರಿಲ್‌ನಲ್ಲಿ, ಅಂತರ್ಯುದ್ಧ ಮುಗಿಯುವ ಮೊದಲೇ. ಆದರೆ ಮುಂದಿನ ಮೂವತ್ತು ವರ್ಷ ಅದು ಭೂಸೇನೆಯ ಬಾಲದಂತೆ ಇತ್ತು. ಮಾವೋ ಕಾಲದಲ್ಲಿ ದುಡ್ಡೂ ಇರಲಿಲ್ಲ, ಭಯವೆಲ್ಲ ಉತ್ತರದ ಸೋವಿಯತ್ ಗಡಿಯ ಕಡೆಗಿತ್ತು. ದಿಕ್ಕು ಬದಲಿಸಿದ್ದು ಲಿಯು ಹುವಾಚಿಂಗ್ ಎಂಬ ಅಧಿಕಾರಿ. 1980ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಕಿಟ್ಟಿ ಹಾಕ್ ಎಂಬ ವಿಮಾನವಾಹಕ ನೌಕೆ ಹತ್ತಿ ನೋಡಿ ಬಂದರು. 1982ರಿಂದ 1988ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿ, ದಡ ಕಾಯೋದು ಸಾಲದು, ಜಪಾನ್‌ನಿಂದ ತೈವಾನ್, ಫಿಲಿಪ್ಪೀನ್ಸ್‌ವರೆಗಿನ ದ್ವೀಪಗಳ ಸಾಲನ್ನು ದಾಟಿ ಆಚೆ ಹೋಗಬೇಕು ಅಂತ ಪಟ್ಟು ಹಿಡಿದರು. ಆಗ ಅವರ ಮಾತಿಗೆ ಬಜೆಟ್ ಸಿಗಲಿಲ್ಲ. 1996ರಲ್ಲಿ ತೈವಾನ್ ಜಲಸಂಧಿಯ ಬಿಕ್ಕಟ್ಟಾಯಿತು. ಅಮೆರಿಕ ಎರಡು ವಿಮಾನವಾಹಕ ದಳಗಳನ್ನು ಅಲ್ಲಿಗೆ ಕಳಿಸಿತು, ಚೀನಾ ಏನೂ ಮಾಡಲಾಗದೆ ನೋಡಿಕೊಂಡಿರಬೇಕಾಯಿತು. ಅದಾದ ಮೇಲೆ ಬಜೆಟ್ ತಾನಾಗಿ ಬಂತು.

ಈಗ ನಮಗೆ ಅತಿ ಇಷ್ಟವಾದ ಭಾಗ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ಮಿಕೊಲಾಯಿವ್ ಶಿಪ್‌ಯಾರ್ಡ್‌ನಲ್ಲಿ 'ವರ್ಯಾಗ್' ಎಂಬ ವಿಮಾನವಾಹಕ ನೌಕೆ ಅರ್ಧಂಬರ್ಧ ಕಟ್ಟಿ ನಿಂತಿತ್ತು. ಕಟ್ಟಿಸಿದ ದೇಶವೇ ಇಲ್ಲ, ದುಡ್ಡು ಕೊಡೋರು ಯಾರು? ತುಕ್ಕು ಹಿಡಿಯುತ್ತಿದ್ದ ಆ ಹಡಗನ್ನು 1998ರಲ್ಲಿ ಒಬ್ಬ ಉದ್ಯಮಿ 2 ಕೋಟಿ ಡಾಲರ್‌ಗೆ ಕೊಂಡ. ಹೆಸರು ಶು ಝೆಂಗ್‌ಪಿಂಗ್. ಹಿಂದೆ ಚೀನಾ ಸೇನೆಯ ಬಾಸ್ಕೆಟ್‌ಬಾಲ್ ಆಟಗಾರ. ಮಕಾವ್‌ನಲ್ಲಿ ತೇಲುವ ಕ್ಯಾಸಿನೊ ಮಾಡ್ತೀವಿ ಅಂತ ಹೇಳಿಕೊಂಡಿದ್ದರು. ಮಕಾವ್ ಬಂದರಿನ ನೀರಿನ ಆಳ ಈ ಹಡಗಿಗೆ ಸಾಲದು ಅನ್ನೋದು ನಕ್ಷೆ ನೋಡಿದವರಿಗೆಲ್ಲ ಗೊತ್ತಿತ್ತು!

ಹಡಗಿಗೆ ತಾನಾಗಿ ಚಲಿಸುವ ಶಕ್ತಿ ಇರಲಿಲ್ಲ. ಚುಕ್ಕಾಣಿ ಕೆಲಸ ಮಾಡುತ್ತಿರಲಿಲ್ಲ. ಟಗ್ ದೋಣಿಗಳು ಎಳೆದುಕೊಂಡೇ ಹೋಗಬೇಕು. ಇಸ್ತಾಂಬುಲ್ ಮಧ್ಯೆ ಹಾದುಹೋಗುವ ಬಾಸ್ಫರಸ್ ಜಲಸಂಧಿಯಲ್ಲಿ ಇಂಥದ್ದನ್ನು ಬಿಡಲ್ಲ ಅಂತ ಟರ್ಕಿ ಕೂತಿತು. ಸುಮಾರು 16 ತಿಂಗಳು ಕಪ್ಪು ಸಮುದ್ರದಲ್ಲಿ ಸುತ್ತಾಟ. ಕೊನೆಗೆ 2001ರ ನವೆಂಬರ್‌ನಲ್ಲಿ ದಾರಿ ಸಿಕ್ಕಿತು. ಅಲ್ಲಿಂದ ಈಜಿಯನ್ ಸಮುದ್ರಕ್ಕೆ ಬರುತ್ತಿದ್ದಂತೆ ಬಿರುಗಾಳಿಗೆ ಹಗ್ಗ ಕಿತ್ತು ಹಡಗು ತೇಲಿ ಹೋಯಿತು, ಮತ್ತೆ ಹಿಡಿದರು. ಸೂಯೆಜ್ ಕಾಲುವೆಯಲ್ಲೂ ಬಿಡಲಿಲ್ಲ, ಹಾಗಾಗಿ ಆಫ್ರಿಕಾ ಪೂರ್ತಿ ಸುತ್ತಿ 2002ರ ಮಾರ್ಚ್‌ನಲ್ಲಿ ದಾಲಿಯನ್ ಬಂದರಿಗೆ ಬಂದು ಸೇರಿತು. ಹತ್ತು ವರ್ಷ ಅದನ್ನು ಬಿಚ್ಚಿ, ಓದಿ, ಮತ್ತೆ ಕಟ್ಟಿ 2012ರ ಸೆಪ್ಟೆಂಬರ್‌ನಲ್ಲಿ 'ಲಿಯಾವೊನಿಂಗ್' ಎಂಬ ಹೆಸರಲ್ಲಿ ಸೇವೆಗೆ ತಂದರು. ಲಿಯು ಹುವಾಚಿಂಗ್ ನೋಡಲಿಲ್ಲ. ಅವರು ತೀರಿಕೊಂಡದ್ದು 2011ರ ಜನವರಿ. ಹಡಗು ಮೊದಲ ಸಲ ಸಮುದ್ರ ಪರೀಕ್ಷೆಗೆ ಹೊರಟದ್ದು ಅದೇ ವರ್ಷ ಆಗಸ್ಟ್.

ಇದೇ ಹೊತ್ತಿಗೆ ನಾವೂ ಒಂದು ಸೋವಿಯತ್ ಕಾಲದ ಹಡಗು ಕೊಂಡಿದ್ದೆವು, ನೆನಪಿದೆಯಾ? ಅಡ್ಮಿರಲ್ ಗೊರ್ಶ್‌ಕೋವ್. 2004ರಲ್ಲಿ ಒಪ್ಪಂದವಾಗಿ, 2008ಕ್ಕೆ ಬರಬೇಕಾದದ್ದು 2013ರ ನವೆಂಬರ್‌ನಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ಆಗಿ ಸಿಕ್ಕಿತು. ಬೆಲೆ ಎರಡು ಪಟ್ಟಿಗೂ ಮೀರಿತು. ಅದರ ನೆಲೆ ನಮ್ಮ ಕಾರವಾರವೇ. ವ್ಯತ್ಯಾಸ ಇರೋದು ಎಲ್ಲಿ ಅಂದ್ರೆ, ನಮ್ಮ ಹಡಗನ್ನು ಬಿಚ್ಚಿ ಕಟ್ಟಿದ್ದು ರಷ್ಯಾದ ಸೆವೆರೊದ್ವಿನ್ಸ್ಕ್ ಶಿಪ್‌ಯಾರ್ಡ್. ಅವರದ್ದನ್ನು ಬಿಚ್ಚಿ ಕಟ್ಟಿದ್ದು ಅವರದ್ದೇ ದಾಲಿಯನ್ ಶಿಪ್‌ಯಾರ್ಡ್. ಆ ಕೆಲಸದಲ್ಲಿ ಕಲಿತ ವೆಲ್ಡರ್‌ಗಳು, ಡಿಸೈನರ್‌ಗಳು ಅದೇ ಊರಲ್ಲೇ ಉಳಿದರು. ಮುಂದಿನ ಹಡಗು 'ಶಾನ್‌ಡಾಂಗ್' ಅದೇ ದಾಲಿಯನ್‌ನಲ್ಲಿ ಕಟ್ಟಿದ್ದು. 2017ರ ಏಪ್ರಿಲ್‌ನಲ್ಲಿ ನೀರಿಗಿಳಿದು, 2019ರ ಡಿಸೆಂಬರ್‌ನಲ್ಲಿ ಸೇವೆಗೆ ಬಂತು. ಮೂರು ವರ್ಷವೂ ಹಿಡಿಯಲಿಲ್ಲ.

ಇದರ ಹಿಂದೆ ಇರೋದು ನೌಕಾಪಡೆಗಿಂತ ವ್ಯಾಪಾರ. ಕಂಟೇನರ್ ಹಡಗು, ತೈಲ ಹಡಗು, ಅದಿರು ಹಡಗು, ಇವನ್ನೆಲ್ಲ ಕಟ್ಟೋದ್ರಲ್ಲಿ ಪ್ರಪಂಚದ ಅರ್ಧಕ್ಕೂ ಹೆಚ್ಚು ಪಾಲು ಈಗ ಚೀನಾದ್ದು. ಅಮೆರಿಕದ ಪಾಲು ನೂರಕ್ಕೆ ಒಂದೂ ಇಲ್ಲ. ವ್ಯಾಪಾರದ ಹಡಗಿಗೆ ಬೇಕಾದ ಉಕ್ಕಿನ ತಟ್ಟೆ, ಕ್ರೇನು, ಡ್ರೈ ಡಾಕ್, ಕೆಲಸಗಾರರು ಎಲ್ಲ ಅದೇ ಯಾರ್ಡ್‌ನಲ್ಲಿ ಇರುತ್ತಾರೆ. ಯುದ್ಧನೌಕೆಯ ಆರ್ಡರ್ ಇಲ್ಲದ ವರ್ಷವೂ ಅವರ ಕೈಗೆ ಕೆಲಸ ಇರುತ್ತೆ. 2018ರ ಜುಲೈನಲ್ಲಿ ದಾಲಿಯನ್‌ನಲ್ಲಿ ಒಂದೇ ದಿನ 'ಟೈಪ್ 055' ಜಾತಿಯ ಎರಡು ದೊಡ್ಡ ಡೆಸ್ಟ್ರಾಯರ್‌ಗಳನ್ನು ನೀರಿಗಿಳಿಸಿದರು. ಒಂದೊಂದರಲ್ಲೂ 112 ಕ್ಷಿಪಣಿ ಕೊಳವೆಗಳು.

ಮೂರನೆಯ ವಿಮಾನವಾಹಕ 'ಫುಜಿಯಾನ್' 2025ರ ನವೆಂಬರ್‌ನಲ್ಲಿ ಸೇವೆಗೆ ಬಂತು. ಇದರ ಮುಖ್ಯ ಸಂಗತಿ ಅದರ ಗಾತ್ರವಲ್ಲ, ವಿಮಾನ ಎಸೆಯುವ ವಿಧಾನ. ಮೊದಲ ಎರಡು ಹಡಗುಗಳ ಮೂತಿ ಮೇಲಕ್ಕೆ ಬಾಗಿರುತ್ತೆ, ವಿಕ್ರಮಾದಿತ್ಯದ ಹಾಗೆಯೇ. ವಿಮಾನ ತನ್ನ ಎಂಜಿನ್ ಬಲದಲ್ಲೇ ಓಡಿ ಹಾರಬೇಕು. ಹಾಗಾಗಿ ಪೂರ್ತಿ ಇಂಧನ, ಪೂರ್ತಿ ಆಯುಧ ಹೊತ್ತು ಏಳೋದು ಕಷ್ಟ. ಫುಜಿಯಾನ್‌ನಲ್ಲಿ ಮೂರು ವಿದ್ಯುತ್ಕಾಂತೀಯ ಕವಣೆಗಳಿವೆ. ಮೆಷಿನ್ಸ್ ಲ್ಯಾಬ್‌ನಲ್ಲಿ ನಾವು ಲೋಡ್ ಟೆಸ್ಟ್ ಮಾಡುವ ಮೋಟರ್‌ನ ಸ್ಟೇಟರ್ ಸೀಳಿ, ಬಿಚ್ಚಿ, ಉದ್ದಕ್ಕೆ ಹಾಸಿದರೆ ಹೇಗಿರುತ್ತೋ ಹಾಗೆ. ತಿರುಗುವ ಬದಲು ನೇರ ನೂಕುತ್ತೆ.

ಒಂದು ಸಣ್ಣ ಲೆಕ್ಕ ಹಾಕೋಣ. 30 ಟನ್ ವಿಮಾನಕ್ಕೆ ಸೆಕೆಂಡಿಗೆ 70 ಮೀಟರ್ ವೇಗ ಬೇಕು ಅಂದುಕೊಳ್ಳಿ. ಅರ್ಧ ಎಂ ವಿ ಸ್ಕ್ವೇರ್ ಹಾಕಿದರೆ 73.5 ಮೆಗಾಜೂಲ್. ಓಡಲು ಇರೋದು 90 ಮೀಟರ್ ಅಂದರೆ ಸಮಯ ಎರಡೂವರೆ ಸೆಕೆಂಡ್ ಚಿಲ್ಲರೆ. ಸುಮಾರು 29 ಮೆಗಾವಾಟ್! ವಿಮಾನದ ಎಂಜಿನ್ ತಾನೂ ಒಂದಷ್ಟು ನೂಕುತ್ತೆ ಅಂತ ಬಿಟ್ಟರೂ, ಉಳಿದದ್ದನ್ನು ಹಡಗಿನ ಜನರೇಟರ್‌ನಿಂದ ನೇರವಾಗಿ ಎಳೆದರೆ ಹಡಗಿನ ದೀಪವೆಲ್ಲ ಮಂಕಾದೀತು. ಆದ್ದರಿಂದ ಮೊದಲೇ ಶಕ್ತಿ ಕೂಡಿಟ್ಟುಕೊಂಡು ಒಮ್ಮೆಲೇ ಬಿಡಬೇಕು. ಅಮೆರಿಕದವರು ಇದಕ್ಕೆ ತಿರುಗುವ ಭಾರೀ ರೋಟರ್‌ಗಳಲ್ಲಿ ಶಕ್ತಿ ಕೂಡಿಡುತ್ತಾರೆ. ಚೀನಾದಲ್ಲಿ ಮಾ ವೇಮಿಂಗ್ ಎಂಬ ನೌಕಾ ಎಂಜಿನಿಯರ್‌ರ ತಂಡ ಮಧ್ಯಮ ವೋಲ್ಟೇಜ್ ಡಿಸಿ ಜಾಲದ ದಾರಿ ಹಿಡಿಯಿತು. ಅಣುಶಕ್ತಿ ಇಲ್ಲದ ಹಡಗಿನಲ್ಲಿ ಇದನ್ನು ಮಾಡಿದವರು ಇವರೇ ಮೊದಲು.

ಇಷ್ಟೆಲ್ಲ ಯಾಕೆ ಬೇಕು? ರಾಡಾರ್‌ಗೋಸ್ಕರ. ಭೂಮಿ ಗುಂಡಗಿದೆಯಲ್ಲ, ಹಡಗಿನ ಕಂಬದ ಮೇಲೆ 30 ಮೀಟರ್ ಎತ್ತರದಲ್ಲಿರುವ ರಾಡಾರ್‌ಗೆ ನೀರಿನ ಮಟ್ಟದಲ್ಲಿ ಕಾಣೋದು ಸುಮಾರು 23 ಕಿಲೋಮೀಟರ್ ಮಾತ್ರ. ಅದೇ ರಾಡಾರ್ 8,000 ಮೀಟರ್ ಎತ್ತರದ ವಿಮಾನದಲ್ಲಿದ್ದರೆ 360 ಕಿಲೋಮೀಟರ್ ದಾಟುತ್ತೆ. ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತ, ಪ್ರೊಪೆಲ್ಲರ್‌ನ ಆ ಭಾರದ ವಿಮಾನ ಬಾಗಿದ ಮೂತಿಯ ಹಡಗಿನಿಂದ ಏಳೋದು ಕಷ್ಟ. ಕವಣೆ ಇದ್ದರೆ ಏಳುತ್ತೆ. ಫುಜಿಯಾನ್‌ನಿಂದ ಕೆಜೆ-600 ಎಂಬ ಅಂಥ ವಿಮಾನ ಎದ್ದಿದೆ.

ಹಾಗಾದರೆ ಮೊದಲ ಪಾರ್ಟಿಯವರು ಗೆದ್ದರಾ? ಇಲ್ಲ. ಚೀನಾಕ್ಕೆ ಇನ್ನೂ ಪೂರ್ತಿ ಒಲಿಯದ ಸಂಗತಿಗಳು ಕೆಲವಿವೆ, ಅವೆಲ್ಲ ದುಡ್ಡು ಸುರಿದ ತಕ್ಷಣ ಬರುವಂಥವಲ್ಲ.

ಮೊದಲನೆಯದು ಎಂಜಿನ್. ಅವರ ಡೆಸ್ಟ್ರಾಯರ್‌ಗಳ ಗ್ಯಾಸ್ ಟರ್ಬೈನ್‌ನ ಮೂಲ ಉಕ್ರೇನಿನದ್ದು. ತಂತ್ರಜ್ಞಾನ ತಂದು, ವರ್ಷಗಟ್ಟಲೆ ತಿಣುಕಿ ಸ್ವಂತ ಮಾಡಿಕೊಂಡರು. ಜಲಾಂತರ್ಗಾಮಿಯ ಡೀಸೆಲ್ ಎಂಜಿನ್ ಕಥೆ ಇನ್ನೂ ಮಜವಾಗಿದೆ. 2017ರಲ್ಲಿ ಥಾಯ್ಲೆಂಡ್ ಚೀನಾದಿಂದ ಒಂದು ಜಲಾಂತರ್ಗಾಮಿಗೆ ಆರ್ಡರ್ ಕೊಟ್ಟಿತು, ಎಂಜಿನ್ ಮಾತ್ರ ಜರ್ಮನಿಯದ್ದೇ ಇರಬೇಕು ಅಂತ. ಜರ್ಮನಿ ಕೊಡಲ್ಲ ಅಂದಿತು. ವರ್ಷಗಟ್ಟಲೆ ಕೆಲಸ ನಿಂತಿತು. ಚೀನಾ ತನ್ನದೇ ಎಂಜಿನ್ ಹಾಕಿ ಕೊಡ್ತೀವಿ ಅಂದರೂ ಥಾಯ್ಲೆಂಡ್ ಒಪ್ಪೋಕೆ 2025 ಆಯಿತು.

ಎರಡನೆಯದು ಸದ್ದು. ಜಲಾಂತರ್ಗಾಮಿಯ ಜೀವ ಇರೋದೇ ಮೌನದಲ್ಲಿ. ಗೇರ್ ಹಲ್ಲಿನ ನಯ, ಪಂಪ್‌ನ ಕಂಪನ, ಪ್ರೊಪೆಲ್ಲರ್ ಅಂಚಿನ ಗುಳ್ಳೆ, ಒಂದೊಂದೂ ಸದ್ದು ಕೊಡುತ್ತೆ. ಚೀನಾದ ಹಳೆಯ ಅಣು ಜಲಾಂತರ್ಗಾಮಿಗಳು ಗಲಾಟೆಗೇ ಹೆಸರಾಗಿದ್ದವು. ಹೊಸವು ಸುಧಾರಿಸಿವೆ, ಆದರೆ ಅಮೆರಿಕದವುಗಳ ಮಟ್ಟಕ್ಕೆ ಇನ್ನೂ ಬಂದಿಲ್ಲ ಅನ್ನೋದು ಸಾಮಾನ್ಯ ಅಭಿಪ್ರಾಯ.

ಮೂರನೆಯದು ಅನುಭವ. ಚೀನಾ ನೌಕಾಪಡೆ ಕೊನೆಯ ಸಲ ಗುಂಡಿನ ಕಾಳಗ ನಡೆಸಿದ್ದು 1988ರಲ್ಲಿ, ವಿಯೆಟ್ನಾಂ ಎದುರು, ಸ್ಪ್ರಾಟ್ಲಿ ದ್ವೀಪಗಳ ಬಳಿ. 2025ರ ಆಗಸ್ಟ್‌ನಲ್ಲಿ ಸ್ಕಾರ್ಬರೋ ಶೋಲ್ ಬಳಿ ಫಿಲಿಪ್ಪೀನ್ಸ್‌ನ ದೋಣಿಯೊಂದನ್ನು ಅಟ್ಟಿಸಿಕೊಂಡು ಹೋಗುವಾಗ ಚೀನಾದ ಡೆಸ್ಟ್ರಾಯರ್ ಚೀನಾದ್ದೇ ಕರಾವಳಿ ಕಾವಲು ಹಡಗಿಗೆ ಗುದ್ದಿತು. ವಿಡಿಯೊ ನೋಡಿ ನಕ್ಕವರೇ ಹೆಚ್ಚು. ನಗೋದಕ್ಕೇನು, ಕಲಿಯುವವರೇ ಗುದ್ದೋದು. 1961ರಿಂದ ವಿಮಾನವಾಹಕ ನಡೆಸುತ್ತಿರುವ ನಮ್ಮ ನೌಕಾಪಡೆಗೆ ಡೆಕ್ ಮೇಲಿನ ಅನುಭವ ಅವರಿಗಿಂತ ಐವತ್ತು ವರ್ಷ ಜಾಸ್ತಿ.

ಕೊನೆಯದು ಭೂಗೋಳ. ಅವರ ತೈಲದ ದೊಡ್ಡ ಪಾಲು ಹಿಂದೂ ಮಹಾಸಾಗರ ದಾಟಿ, ಮಲಕ್ಕಾ ಎಂಬ ಕಿರಿದಾದ ಜಲಸಂಧಿಯಲ್ಲಿ ನುಸುಳಿ ಹೋಗಬೇಕು. ಅದಕ್ಕೇ 2008ರಿಂದ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರನ್ನು ಕಾಯಲು ಅವರ ಹಡಗುಗಳು ಸರದಿಯಲ್ಲಿ ಬರುತ್ತಿವೆ. 2017ರಲ್ಲಿ ಜಿಬೂಟಿಯಲ್ಲಿ ನೆಲೆಯನ್ನೇ ಮಾಡಿಕೊಂಡರು. ಅಂದರೆ ನಮ್ಮ ಅರಬ್ಬಿ ಸಮುದ್ರದ ಆಚೆ ದಡ.

ಮುಂದೆ? 2030ಕ್ಕೆ 435 ಹಡಗು ಆಗಬಹುದು ಅನ್ನೋದು ಅಮೆರಿಕದ ಅಂದಾಜು. ನಾಲ್ಕನೆಯ ವಿಮಾನವಾಹಕಕ್ಕೆ ಅಣುಶಕ್ತಿ ಹಾಕುತ್ತಾರೆ ಅನ್ನೋ ನಿರೀಕ್ಷೆ ಇದೆ. ಆದರೆ ಒಂದೇ ದಶಕದಲ್ಲಿ ಕಟ್ಟಿದ ಹಡಗುಗಳೆಲ್ಲ ಒಂದೇ ದಶಕದಲ್ಲಿ ಹಳತಾಗುತ್ತವೆ. ರಿಪೇರಿ ಬಿಲ್ ಒಟ್ಟಿಗೇ ಬರುತ್ತೆ.

ನಮ್ಮ ಕಡೆ ನೋಡಿದರೆ, ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ 2013ರಲ್ಲಿ ನೀರಿಗಿಳಿದು 2022ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಬಂತು. ಒಂಬತ್ತು ವರ್ಷ. ಮೊದಲ ಸಲ ಕಟ್ಟಿದ್ದು, ಸಮಯ ಹಿಡಿಯೋದು ಸಹಜವೇ. ಅದರ ಉಕ್ಕನ್ನು ಇಲ್ಲೇ ತಯಾರಿಸೋದನ್ನೂ ಕಲಿತರು. ಆದರೆ ಆ ಕಲಿತ ಕೈಗಳಿಗೆ ಮುಂದಿನ ವಿಮಾನವಾಹಕದ ಕೆಲಸ ಇನ್ನೂ ಕೈಗೆ ಬಂದಿಲ್ಲ. ಅದರ ನಾಲ್ಕು ಎಲ್‌ಎಂ-2500 ಗ್ಯಾಸ್ ಟರ್ಬೈನ್‌ಗಳನ್ನು ಜೋಡಿಸಿ ಪರೀಕ್ಷೆ ಮಾಡಿ ಕಳಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಡಿಸೈನ್ ಅಮೆರಿಕದ ಜಿಇ ಕಂಪನಿಯದ್ದು. ಅದೇ ಬೆಂಗಳೂರಿನ ಜಿಟಿಆರ್‌ಇ ನಮ್ಮ ಕಾವೇರಿ ಎಂಜಿನ್‌ನಿಂದ ಹಡಗಿಗಾಗಿ 12 ಮೆಗಾವಾಟ್‌ನ ಒಂದು ಗ್ಯಾಸ್ ಟರ್ಬೈನ್ ಮಾಡಿ, ವಿಶಾಖಪಟ್ಟಣದಲ್ಲಿ ಓಡಿಸಿ ತೋರಿಸಿತ್ತು. ಅದು ಯಾವ ಯುದ್ಧನೌಕೆಯೊಳಗೂ ಕೂರಲಿಲ್ಲ.