ಅವ್ಯಕ್ತ ಸಮೀಕರಣಗಳಲ್ಲಿ ನಿರ್ಣಾಯಕ ಬಿಂದುಗಳೂ ಲಂಬ ಸ್ಪರ್ಶಕಗಳೂ

ಅವ್ಯಕ್ತ ಉತ್ಪನ್ನಗಳ ಅವಕಲನವನ್ನು ಬೋಧಿಸುವಾಗ ಒಂದು ನಿಯಮವನ್ನು ಹೇಳಿಕೊಡುವ ರೂಢಿಯುಂಟು: ಯ′ ಭಿನ್ನರಾಶಿಯಾಗಿ ದೊರೆತಾಗ ಅದರ ಅಂಶವನ್ನು ಸೊನ್ನೆಗೆ ಸಮಮಾಡಿದರೆ ಕ್ಷ-ಅಕ್ಷಕ್ಕೆ ಸಮಾಂತರವಾದ ಸ್ಪರ್ಶಕಗಳೂ, ಛೇದವನ್ನು ಸಮಮಾಡಿದರೆ ಲಂಬ ಸ್ಪರ್ಶಕಗಳೂ ದೊರೆಯುತ್ತವೆ. ಈ ನಿಯಮವನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ಎರಡು ಪ್ರಸಿದ್ಧ ವಕ್ರಗಳ ಮೂಲಕ ಪರಿಶೀಲಿಸುವೆವು.

ಮೊದಲನೆಯದು, ಫರ್ಮಾನ ಸ್ಪರ್ಶಕ ವಿಧಾನಕ್ಕೆ ಸವಾಲಾಗಿ ದೆಕಾರ್ತನು 1638ರಲ್ಲಿ ಮುಂದಿಟ್ಟ ವಕ್ರ. ಫರ್ಮಾನು ಆ ಸವಾಲನ್ನು ಗೆದ್ದನೆಂಬುದು ಇತಿಹಾಸ. ಎಲೆಯಂಥ ಕುಣಿಕೆಯುಳ್ಳ ಈ ವಕ್ರದ ಸಮೀಕರಣ:

ಕ್ಷ³ + ಯ³ = 3ಅ·ಕ್ಷ·ಯ (ಅ > 0)

ಇದರಿಂದ ಯ-ವನ್ನು ಬೇರ್ಪಡಿಸಲು ಘನ ಸಮೀಕರಣದ ತೊಡಕಾದ ಸೂತ್ರವನ್ನು ಆಶ್ರಯಿಸಬೇಕಾಗುತ್ತದೆ. ಯ-ವು ಕ್ಷ-ದ ಉತ್ಪನ್ನವೆಂದು ಭಾವಿಸಿ ಪದಪದವಾಗಿ ಅವಕಲನ ಮಾಡಿದರೆ ಆ ತೊಡಕಿಲ್ಲದೆಯೇ

ಯ′ = (ಅ·ಯ − ಕ್ಷ²) / (ಯ² − ಅ·ಕ್ಷ)

ಎಂದು ಬರುತ್ತದೆ. ಅಂಶವು ಸೊನ್ನೆಯಾಗಲು ಯ = ಕ್ಷ²/ಅ ಆಗಬೇಕು. ಇದು ಕೇವಲ ಒಂದು ಪರವಲಯ. ನಮಗೆ ಬೇಕಾದವು ಅದು ಮೂಲ ವಕ್ರವನ್ನು ಸಂಧಿಸುವ ಬಿಂದುಗಳು. ವಿದ್ಯಾರ್ಥಿಗಳು ಇಲ್ಲಿಯೇ ನಿಂತುಬಿಡುವುದುಂಟು. ಮೂಲ ಸಮೀಕರಣದಲ್ಲಿ ಆದೇಶಿಸಿದರೆ ಕ್ಷ⁶ = 2ಅ³ಕ್ಷ³; ಆದುದರಿಂದ ಕ್ಷ = 0 ಅಥವಾ ಕ್ಷ = ಅ∛2. ಎರಡನೆಯದರಿಂದ (ಅ∛2, ಅ∛4) ಎಂಬ ಬಿಂದು ದೊರೆಯುತ್ತದೆ. ಅಲ್ಲಿ ಯ″ = −2ಕ್ಷ/(ಯ² − ಅ·ಕ್ಷ) = −2/ಅ; ಇದು ಋಣಸಂಖ್ಯೆಯಾದುದರಿಂದ ಆ ಬಿಂದು ಕುಣಿಕೆಯ ಶಿಖರ. ಸಮೀಕರಣದಲ್ಲಿ ಕ್ಷ, ಯ ಸಮಾನ ಸ್ಥಾನದಲ್ಲಿರುವುದರಿಂದ ಲಂಬ ಸ್ಪರ್ಶಕವು (ಅ∛4, ಅ∛2) ಎಂಬಲ್ಲಿದೆಯೆಂದು ಬೇರೆ ಲೆಕ್ಕವಿಲ್ಲದೆಯೇ ಹೇಳಬಹುದು.

ಉಳಿದದ್ದು ಮೂಲಬಿಂದು. ಅಲ್ಲಿ ಅಂಶವೂ ಛೇದವೂ ಏಕಕಾಲದಲ್ಲಿ ಸೊನ್ನೆಯಾಗುತ್ತವೆ. 0/0 ಎಂಬುದು ಇಳಿಜಾರಿನ ವಿಷಯದಲ್ಲಿ ಏನನ್ನೂ ಹೇಳದು. ಯ = ತ·ಕ್ಷ ಎಂದಿಟ್ಟರೆ

ಕ್ಷ = 3ಅ·ತ/(1 + ತ³), ಯ = 3ಅ·ತ²/(1 + ತ³).

ಇಲ್ಲಿ ತ ಎಂಬುದು ಮೂಲಬಿಂದುವಿನಿಂದ ವಕ್ರದ ಮೇಲಿನ ಬಿಂದುವಿಗೆ ಎಳೆದ ರೇಖೆಯ ಇಳಿಜಾರು. ತ ಸೊನ್ನೆಯನ್ನು ಸಮೀಪಿಸಿದಾಗ ಒಂದು ಶಾಖೆ ಕ್ಷ-ಅಕ್ಷವನ್ನು ಸ್ಪರ್ಶಿಸುತ್ತ ಮೂಲಬಿಂದುವಿನ ಮೂಲಕ ಹಾಯುತ್ತದೆ. ತ ಅನಂತವಾಗಿ ಬೆಳೆದಾಗ ಇನ್ನೊಂದು ಶಾಖೆ ಯ-ಅಕ್ಷವನ್ನು ಸ್ಪರ್ಶಿಸುತ್ತದೆ. ಹೀಗೆ ಒಂದೇ ಬಿಂದುವಿನಲ್ಲಿ ಎರಡು ಸ್ಪರ್ಶಕಗಳು! ಕ್ಷ = 0 ಎಂಬ ಉತ್ತರವನ್ನು ಕಣ್ಣುಮುಚ್ಚಿ ಸ್ವೀಕರಿಸಿದ ವಿದ್ಯಾರ್ಥಿಯ ಮಾತು ಇಲ್ಲಿ ನಿಜವಾಯಿತು, ಆದರೆ ಅದು ಅದೃಷ್ಟವಶಾತ್.

ಈ ಅದೃಷ್ಟ ಯಾವಾಗಲೂ ಒದಗುವುದಿಲ್ಲ. ಯಾಕೋಬ್ ಬರ್ನೂಲಿಯು 1694ರಲ್ಲಿ ವಿವೇಚಿಸಿದ, 8ರ ಅಂಕಿಯನ್ನು ಮಲಗಿಸಿದಂತಿರುವ ವಕ್ರವನ್ನು ನೋಡೋಣ: (ಕ್ಷ² + ಯ²)² = ಅ²(ಕ್ಷ² − ಯ²). ಕ್ಷ² + ಯ² = ರ² ಎಂದು ಬರೆದರೆ

ಯ′ = ಕ್ಷ(ಅ² − 2ರ²) / ಯ(ಅ² + 2ರ²).

ಕ್ಷ = 0 ಎಂದಾಗ ವಕ್ರದ ಮೇಲೆ ಸಿಕ್ಕುವುದು ಮೂಲಬಿಂದುವೊಂದೇ; ಅಲ್ಲಿ ಛೇದವೂ ಸೊನ್ನೆ. ಮೂಲಬಿಂದುವಿನ ಸಮೀಪದಲ್ಲಿ ಕನಿಷ್ಠ ಘಾತದ ಪದಗಳೇ ಪ್ರಧಾನವಾದುದರಿಂದ ಅವುಗಳನ್ನು ಸೊನ್ನೆಗೆ ಸಮಮಾಡಬೇಕು: ಕ್ಷ² − ಯ² = 0. ಅಂದರೆ ಸ್ಪರ್ಶಕಗಳು ಯ = ±ಕ್ಷ; ಅವು ಸಮಾಂತರವೂ ಅಲ್ಲ, ಲಂಬವೂ ಅಲ್ಲ. ಯ = 0 ಎಂಬುದರಿಂದ ನಿಜವಾದ ಲಂಬ ಸ್ಪರ್ಶಕಗಳು (±ಅ, 0) ಎಂಬಲ್ಲಿಯೂ, ರ² = ಅ²/2 ಎಂಬುದರಿಂದ ಸಮಾಂತರ ಸ್ಪರ್ಶಕಗಳು (±ಅ√6/4, ±ಅ√2/4) ಎಂಬ ನಾಲ್ಕು ಬಿಂದುಗಳಲ್ಲಿಯೂ ದೊರೆಯುತ್ತವೆ.