ತಾಮ್ರದ ಚೊಂಬೂ ಕೆರೆಯ ಪಾಚಿಯೂ

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಪ್ರಾತಃಕಾಲದಲ್ಲಿ ಕುಡಿಯುವ ಪದ್ಧತಿಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆಯಷ್ಟೆ. ಆ ನೀರು ಬೇಗನೆ ಕೆಡದಿರುವುದಕ್ಕೆ ಕಾರಣವೇನೆಂದು ವಿಚಾರಿಸಿದರೆ, ನಮ್ಮ ಕೆರೆಗಳಿಗೆ ಒದಗಿರುವ ಒಂದು ವಿಪತ್ತಿನ ಸ್ವರೂಪವೂ ತಿಳಿದುಬರುವುದು.

ಮ್ಯೂನಿಕ್ ನಗರದಲ್ಲಿ ಅಧ್ಯಾಪಕರಾಗಿದ್ದ ಕಾರ್ಲ್ ನೇಗೆಲಿ ಎಂಬ ಸಸ್ಯಶಾಸ್ತ್ರಜ್ಞರು, ಸ್ಪೈರೋಗೈರ ಎಂಬ ನೂಲಿನಂತಹ ಹಸುರು ಪಾಚಿಯು ಅತ್ಯಲ್ಪ ತಾಮ್ರ ಬೆರೆತ ನೀರಿನಲ್ಲಿಯೂ ಸಾಯುವುದನ್ನು ಕಂಡರು. ಅವರು ಗತಿಸಿದ ಮೇಲೆ, 1893ರಲ್ಲಿ, ಈ ಪ್ರಬಂಧವು ಪ್ರಕಟವಾಯಿತು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಎಂಬಿಬ್ಬರು, ಜಲಾಶಯಗಳ ಪಾಚಿಯನ್ನು ಮೈಲುತುತ್ತದಿಂದ ನಾಶಪಡಿಸುವ ಕ್ರಮವನ್ನು ವಿವರಿಸಿದರು. ಮೈಲುತುತ್ತವೆಂಬುದು ತಾಮ್ರದ ಲವಣವೇ ಆಗಿದೆ.

ಹಾಗಾದರೆ ಮನುಷ್ಯನಿಗೆ ಹಿತವಾದುದು ಪಾಚಿಗೇಕೆ ವಿಷವಾಯಿತು? ಭೇದವು ಪ್ರಮಾಣದಲ್ಲಿದೆ. ಒಂದು ಲೀಟರು ಕುಡಿಯುವ ನೀರಿನಲ್ಲಿ 2 ಮಿಲಿಗ್ರಾಮಿನವರೆಗೆ ತಾಮ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯನ್ನು ಹೇಳಿದೆ. ಅದರ ನೂರರಲ್ಲೊಂದು ಪಾಲೇ ಪಾಚಿಗಳ ಕೆಲವು ಸುಕುಮಾರ ಜಾತಿಗಳಿಗೆ ಹಾನಿಕರವಾಗುವುದು. ಜೀವಿಸುವುದಕ್ಕೆ ಪಾಚಿಗೂ ಲೇಶಮಾತ್ರ ತಾಮ್ರವು ಬೇಕು. ಮಿತಿ ಮೀರಿದರೆ ಅದೇ ಮೃತ್ಯು. ಸೀಸ, ಪಾದರಸಗಳಿಂದಲಾದರೋ ಅದಕ್ಕೆ ಯಾವ ಉಪಯೋಗವೂ ಇಲ್ಲ, ಉಪದ್ರವವೊಂದೇ.

ಈ ಲೋಹಗಳು ಕೊಲ್ಲುವ ಬಗೆಯೂ ವಿಚಿತ್ರವಾದುದು. ಪಾಚಿಯ ಹಸುರು ವರ್ಣದ್ರವ್ಯದ ಪ್ರತಿಯೊಂದು ಅಣುವಿನ ಮಧ್ಯದಲ್ಲಿಯೂ ಮೆಗ್ನೀಸಿಯಂ ಎಂಬ ಲೋಹದ ಒಂದು ಕಣವಿದೆ. ತಾಮ್ರ, ಕ್ಯಾಡ್ಮಿಯಂ ಮೊದಲಾದವು ಅದನ್ನು ಹೊರದೂಡಿ ಆ ಸ್ಥಾನವನ್ನು ಆಕ್ರಮಿಸಬಲ್ಲವು. ಆಗ ಸೂರ್ಯಪ್ರಕಾಶದಿಂದ ಆಹಾರವನ್ನು ನಿರ್ಮಿಸುವ ಕಾರ್ಯವು ಕುಂಠಿತವಾಗುತ್ತದೆ.

ಪಾಚಿ ಸತ್ತರೆ ನಷ್ಟವೇನೆಂದು ಕೆಲವರು ಕೇಳಬಹುದು. ಕಾಲು ಜಾರಿಸುವ ಪಾಚಿಯನ್ನು ನಾವು ತುಚ್ಛವೆಂದು ಬಗೆದರೂ, ಕೆರೆಯೆಂಬ ಸಂಸಾರಕ್ಕೆ ಅನ್ನದಾತೆ ಅದೇ. ಅದನ್ನು ತಿಂದು ಸೂಕ್ಷ್ಮ ಜಲಜಂತುಗಳೂ, ಅವುಗಳನ್ನು ತಿಂದು ಮೀನುಗಳೂ, ಮೀನುಗಳಿಂದ ಕೊಕ್ಕರೆಗಳೂ ಬದುಕುತ್ತವೆ. ನೀರಿಗೆ ಪ್ರಾಣವಾಯುವನ್ನು ಬೆರೆಸುವುದೂ ಅದೇ. ಇನ್ನು ಸಾಯದೆ ಉಳಿದ ಪಾಚಿಯು ಲೋಹವನ್ನು ತನ್ನ ಮೈಯಲ್ಲಿ ಹಿಡಿದಿಟ್ಟುಕೊಂಡು, ತಿಂದವರಿಗೆ ದಾಟಿಸುತ್ತದೆ. ಲೋಹವು ಎಲೆಯಂತೆ ಕೊಳೆತು ಹೋಗುವ ವಸ್ತುವಲ್ಲ. ಒಮ್ಮೆ ಬಂದುದು ಕೆರೆಯ ಕೆಸರಿನಲ್ಲಿ ತಲೆಮಾರುಗಳವರೆಗೂ ಕುಳಿತಿರಬಲ್ಲದು.

ಕೆರೆಯು ಹಸುರಾಗಿಯೇ ಇದೆಯಲ್ಲಾ ಎಂದು ಸಮಾಧಾನಪಡುವುದೂ ಸಲ್ಲದು. ಕೋಮಲ ಜಾತಿಗಳು ಅಳಿದ ಸ್ಥಳದಲ್ಲಿ ವಿಷವನ್ನು ಸಹಿಸುವ ಒರಟು ಜಾತಿಗಳು ಹಬ್ಬುವುದುಂಟು. ಬೆಂಗಳೂರಿನ ಬೆಳ್ಳಂದೂರು ಕೆರೆಯ ವಿಷಯದಲ್ಲಿ 2006ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯು, ಆ ನೀರು ಹಾಯಿಸಿದ ಹೊಲಗಳ ಮಣ್ಣಿನಲ್ಲಿಯೂ ಬೆಳೆಗಳಲ್ಲಿಯೂ ಭಾರಲೋಹಗಳಿದ್ದುದನ್ನು ತೋರಿಸಿತು. ಕೆರೆಯ ವಿಷವು ಹೀಗೆ ಅಡುಗೆಮನೆಯ ಬಾಗಿಲಿಗೂ ಬರಬಲ್ಲದು.

ಕಾರ್ಖಾನೆಗಳ ಕೊಳೆನೀರನ್ನು ತಡೆಯುವುದು ಸರ್ಕಾರದ ಕರ್ತವ್ಯ, ನಿಜ. ಆದರೆ ಗೃಹಸ್ಥರು ನಿರ್ದೋಷಿಗಳೆಂದು ಹೇಳುವಂತಿಲ್ಲ. ಸೀಸವೇ ಮೊದಲಾದ ಲೋಹಗಳುಳ್ಳ ಬಣ್ಣ ಬಳಿದ ಗಣಪತಿಯನ್ನು ನೀರಿಗೆ ಬಿಡುವವರು ನಾವೇ ಅಲ್ಲವೇ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿಯೇ, ವಿಗ್ರಹಗಳಿಗೆ ಸಹಜವಾದ ಮಣ್ಣನ್ನು ಬಳಸಬೇಕೆಂದೂ ವಿಷಯುಕ್ತ ಬಣ್ಣಗಳನ್ನು ಬಿಡಬೇಕೆಂದೂ ಸೂಚಿಸಿತು. ಮೃತ್ತಿಕೆಯ ಗಣೇಶನನ್ನು ಪೂಜಿಸಿ ಮೃತ್ತಿಕೆಗೇ ಸೇರಿಸುವುದು ನಮ್ಮ ಹಿರಿಯರ ಆಚಾರವೇ ಆಗಿದ್ದಿತು. ಹಳೆಯ ಬ್ಯಾಟರಿಗಳನ್ನೂ ಉಳಿದ ಬಣ್ಣದ ಡಬ್ಬಿಗಳನ್ನೂ ಚರಂಡಿಗೆ ಎಸೆಯದೆ ಪ್ರತ್ಯೇಕವಾಗಿ ಒಪ್ಪಿಸುವುದೂ ಕಷ್ಟವೇನಲ್ಲ.

ಚೊಂಬಿನ ತಾಮ್ರವು ಚೊಂಬಿನಲ್ಲಿರಲಿ. ಕೆರೆಯ ಪಾಚಿಯು ಕೆರೆಯಲ್ಲಿ ಬಾಳಲಿ. ಕಣ್ಣಿಗೆ ಅಲ್ಪವಾಗಿ ತೋರುವ ಆ ಹಸುರು ಬಾಡಿದಲ್ಲಿ, ಅದನ್ನು ನಂಬಿದವರ ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿಕೊಂಡು ಕುಳಿತಿರುವವರು ನಾವೇ ಎಂಬುದನ್ನು ಮರೆಯಬಾರದು.